ರಾಜೀನಾಮೆಗೆ ಸಹಿ ಹಾಕುವ ಮುನ್ನ

ಗಾರ್ಮೆಂಟ್ಸ್ ಕೆಲಸ ಬಿಟ್ಟ ಹೆಣ್ಣುಮಕ್ಕಳನ್ನು ಮಾತಿಗೆಳೆದರೆ ಸಂಬಳದ ದೂರಿಗಿಂತ ಮೊದಲು ಬೈಗುಳದ ದೂರು ಬರುತ್ತದೆ. ಗಂಟೆಗೆ ಇಷ್ಟು ಪೀಸ್ ಎಂದು ಟಾರ್ಗೆಟ್. ಲೈನಿನ ತುದಿಯ ಬೋರ್ಡಿನಲ್ಲಿ ಲೆಕ್ಕ. ಒಂದು ಗಂಟೆ ಹಿಂದೆ ಬಿದ್ದರೂ ಎಲ್ಲರೆದುರು ಹೆಸರು ಹಿಡಿದು ಕೂಗಾಟ. ತಿಂಗಳುಗಟ್ಟಲೆ ಇದನ್ನು ಸಹಿಸಿದವಳಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ, ಬೆಳಗ್ಗೆ ಕಾರ್ಖಾನೆಯ ಗೇಟು ಕಂಡರೆ ಎದೆ ಡವಗುಟ್ಟುತ್ತದೆ. ಕೊನೆಗೊಂದು ದಿನ ಎಚ್‌ಆರ್‌ನವರು ಮುಂದಿಟ್ಟ ಹಾಳೆಗೆ ಸಹಿ ಹಾಕಿ ಹೊರಬೀಳುತ್ತಾಳೆ. ಅದರಲ್ಲಿ ಕಾರಣ ಮೊದಲೇ ಟೈಪಾಗಿರುತ್ತದೆ: ‘ವೈಯಕ್ತಿಕ’. ಮ್ಯಾನೇಜರನ ಕಾಟ ತಾಳಲಾರದೆ ಐಟಿ ಕಂಪನಿ ಬಿಡುವ ಹುಡುಗನೂ ಇಮೇಲಿನಲ್ಲಿ ಇದನ್ನೇ ಬರೆಯುತ್ತಾನೆ, ರಿಲೀವಿಂಗ್ ಲೆಟರ್ ಸಲೀಸಾಗಿ ಸಿಗಲೆಂದು.

ಆ ಒಂದು ಸಾಲು ಮುಂದಿನ ತಿಂಗಳುಗಳ ಅನ್ನದ ಪ್ರಶ್ನೆಯಾಗುತ್ತದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ನಮ್ಮಲ್ಲಿ ಕೆಲಸದ ಜಾಗದ ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ ಇದೆ. ದಿನವೂ ಅವಮಾನಿಸಿ, ಹೆದರಿಸಿ ಒಬ್ಬರ ಮನಸ್ಸನ್ನು ಕುಗ್ಗಿಸುವುದಕ್ಕೆ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. ಫ್ರಾನ್ಸ್ 2002ರಲ್ಲೇ ಇದನ್ನು ಅಪರಾಧವೆಂದು ಕಾನೂನು ಮಾಡಿತು. 2019ರಲ್ಲಿ ಅಲ್ಲಿನ ನ್ಯಾಯಾಲಯ ಫ್ರಾನ್ಸ್ ಟೆಲಿಕಾಂನ ಮಾಜಿ ಮುಖ್ಯಸ್ಥರನ್ನೇ ತಪ್ಪಿತಸ್ಥರೆಂದು ತೀರ್ಮಾನಿಸಿತು. ಇಲ್ಲಿ ಕಾಟ ಕೊಟ್ಟವನು ಕುರ್ಚಿಯಲ್ಲೇ ಉಳಿಯುತ್ತಾನೆ, ಕಾಟ ತಿಂದವರು ಮನೆಗೆ ಹೋಗುತ್ತಾರೆ.

ಮನೆಗೆ ಹೋದ ಮೇಲೆ ಸರ್ಕಾರದಿಂದ ಏನು ಸಿಗುತ್ತದೆ? ಇಎಸ್‌ಐ ಇರುವವರಿಗೆ 2018ರಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಬಂತು. ಕೆಲಸ ಕಳೆದುಕೊಂಡರೆ ಸರಾಸರಿ ಸಂಬಳದ ಅರ್ಧದಷ್ಟು, ಗರಿಷ್ಠ 90 ದಿನ, ಜೀವಮಾನದಲ್ಲಿ ಒಮ್ಮೆ. ಆದರೆ ದುರ್ನಡತೆಗಾಗಿ ಕೆಲಸ ಹೋದವರಿಗೂ ಸ್ವಯಂ ನಿವೃತ್ತಿ ಪಡೆದವರಿಗೂ ಅದು ಇಲ್ಲ. ‘ವೈಯಕ್ತಿಕ’ ಎಂದು ಬರೆದುಕೊಟ್ಟವಳು ತಾನು ಇಷ್ಟಪಟ್ಟು ಬಿಟ್ಟದ್ದಲ್ಲ ಎಂದು ಯಾವ ಕಾಗದ ತೋರಿಸಿ ವಾದಿಸಬೇಕು? ರಾಜ್ಯದ ಯುವನಿಧಿಯನ್ನು ನೆಚ್ಚುವಂತಿಲ್ಲ, ಅದು ಓದು ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ.

ಹಾಗಾಗಿ ನಾನು ಒತ್ತಿ ಹೇಳುವುದಿಷ್ಟು: ಮೊದಲು ಡಾಕ್ಟರು, ಆಮೇಲೆ ರಾಜೀನಾಮೆ.

ತಿಂಗಳ ಸಂಬಳ 21,000 ರೂಪಾಯಿಯೊಳಗಿದ್ದು ಇಎಸ್‌ಐ ಕಟ್ಟುತ್ತಿರುವವರಿಗೆ ಕಾಯಿಲೆ ರಜೆಯ ಭತ್ಯೆಯಿದೆ. ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿದ್ದರೆ, ಇಎಸ್‌ಐ ವೈದ್ಯರು ಕೆಲಸ ಮಾಡುವ ಸ್ಥಿತಿಯಲ್ಲಿಲ್ಲ ಎಂದು ಬರೆದುಕೊಟ್ಟ ದಿನಗಳಿಗೆ ಸಂಬಳದ ಶೇ 70ರಷ್ಟು ಸಿಗುತ್ತದೆ, ವರ್ಷಕ್ಕೆ 91 ದಿನಗಳವರೆಗೆ. 14,000 ರೂಪಾಯಿ ಸಂಬಳದವಳಿಗೆ ಇದು ತಿಂಗಳಿಗೆ ಸುಮಾರು 9,800. ಜ್ವರ, ಮೂಳೆ ಮುರಿತಕ್ಕಷ್ಟೇ ಈ ಭತ್ಯೆ ಎಂದು ನಂಬಿದವರೇ ಹೆಚ್ಚು. ಆತಂಕವೂ ಕಾಯಿಲೆಯೇ. ವೈದ್ಯರೆದುರು ಬರೀ ತಲೆನೋವು, ಸುಸ್ತು ಎಂದು ಹೇಳಿ ಎದ್ದು ಬರಬೇಡಿ. ನಿದ್ದೆ ಇಲ್ಲದ್ದು, ಕೈ ನಡುಗುವುದು, ಇದೆಲ್ಲ ಯಾವಾಗ, ಯಾರ ಮಾತಿನಿಂದ ಶುರುವಾಯಿತು ಎಂಬುದನ್ನೂ ಹೇಳಿ, ಚೀಟಿಯಲ್ಲಿ ಬರೆಸಿ. 21,000 ರೂಪಾಯಿಗಿಂತ ಹೆಚ್ಚು ಸಂಬಳದವರು ಉಳಿದ ಸಿಕ್ ಲೀವನ್ನೂ ಗಳಿಕೆ ರಜೆಯನ್ನೂ ಮೊದಲು ಬಳಸಿಕೊಳ್ಳಲಿ. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಆದರೆ ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೆಲಸದ ಜತೆಗೇ ಮುಗಿಯುತ್ತದೆ. ಬಿಡುವ ಮೊದಲೇ ಅದನ್ನು ವೈಯಕ್ತಿಕ ಪಾಲಿಸಿಗೆ ಬದಲಿಸಿಕೊಳ್ಳಬಹುದೇ ಎಂದು ವಿಚಾರಿಸಿ.

ಡಾಕ್ಟರರ ಚೀಟಿಯಿಂದ ಇನ್ನೊಂದು ಪ್ರಯೋಜನವಿದೆ, ಬಹಳ ಜನಕ್ಕೆ ಗೊತ್ತಿಲ್ಲ. ಐದು ವರ್ಷದ ಸೇವೆಗೆ ಮುಂಚೆ ಪಿಎಫ್ ತೆಗೆದರೆ ಆದಾಯ ತೆರಿಗೆ ಬೀಳುತ್ತದೆ. ಅನಾರೋಗ್ಯದಿಂದ ಕೆಲಸ ಹೋಗಿದ್ದರೆ ಬೀಳುವುದಿಲ್ಲ. ಅನಾರೋಗ್ಯದಿಂದಲೇ ಬಿಡುವವರು ಪತ್ರದಲ್ಲಿ ‘ವೈಯಕ್ತಿಕ’ ಎಂದು ಬರೆದು ಆ ರಿಯಾಯಿತಿಯನ್ನು ಯಾಕೆ ಬಿಟ್ಟುಕೊಡಬೇಕು?

ಪಿಎಫ್ ಎಂದರೆ ಮುಪ್ಪಿನ ಹಣ ಎಂದು ದೆಹಲಿಯಲ್ಲಿ ಕುಳಿತವರು ತಿಳಿಯುತ್ತಾರೆ. 2016ರಲ್ಲಿ ಮಾಲೀಕರ ಪಾಲಿನ ವಂತಿಗೆಯನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ನಿಯಮ ಮಾಡಿದಾಗ, ಆ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗಿಳಿದು ಹೊಸೂರು ರಸ್ತೆ ತಡೆದರು. ಎರಡೇ ದಿನದಲ್ಲಿ ಸರ್ಕಾರ ಹಿಂದೆ ಸರಿಯಿತು. ಒಂದು ಕೆಲಸ ಬಿಟ್ಟು ಇನ್ನೊಂದು ಹಿಡಿಯುವವರೆಗೆ ಬಾಡಿಗೆಗೂ ರೇಷನ್ನಿಗೂ ಇರುವ ದುಡ್ಡು ಅದೊಂದೇ ಎಂಬುದು ಅವರಿಗೆ ಗೊತ್ತಿತ್ತು. 2025ರ ಅಕ್ಟೋಬರ್‌ನಲ್ಲಿ, ಕೆಲಸ ಬಿಟ್ಟೊಡನೆ ಶೇ 75ರಷ್ಟನ್ನು ಕೊಟ್ಟು, ಪೂರ್ತಿ ಹಣಕ್ಕೆ 12 ತಿಂಗಳು ಕಾಯಿಸಲು ಇಪಿಎಫ್‌ಒ ಮಂಡಳಿ ತೀರ್ಮಾನಿಸಿದೆ. ಮೊದಲಿದ್ದ ಕಾಯುವಿಕೆ ಎರಡು ತಿಂಗಳು. ಕೂಡಲೇ ಕೈಗೆ ಸಿಗುವುದು ಒಳ್ಳೆಯದೇ, ಉಳಿದ ಕಾಲು ಭಾಗವನ್ನು ವರ್ಷ ತಡೆಹಿಡಿಯುವುದು ನನಗೆ ಒಪ್ಪಿಗೆಯಿಲ್ಲ.

ಐದು ವರ್ಷ ತುಂಬಿದವರು ತಾವಾಗಿ ಬಿಟ್ಟರೂ ಗ್ರಾಚ್ಯುಟಿ ಅವರ ಹಕ್ಕು. ಕೊನೆಯ ಸಂಬಳವನ್ನು 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸಿ. ಲೆಕ್ಕಕ್ಕೆ ಬರುವ ಸಂಬಳ 13,000 ಇದ್ದು ಆರು ವರ್ಷ ದುಡಿದಿದ್ದರೆ 45,000 ರೂಪಾಯಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ಬಾಕಿ ಸಂಬಳವನ್ನು ರಾಜೀನಾಮೆಯ ನಂತರ ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ‘ಸೆಟಲ್‌ಮೆಂಟ್ 45 ದಿನ ಆಗುತ್ತೆ’ ಎಂಬ ಎಚ್‌ಆರ್ ಮಾತಿಗೆ ಇನ್ನು ತಲೆಯಾಡಿಸಬೇಕಾಗಿಲ್ಲ, ಕಾರ್ಮಿಕ ಇಲಾಖೆಗೆ ದೂರು ಕೊಡಿ.

ಆತಂಕದಲ್ಲಿ ಮುಳುಗಿರುವವರಿಗೆ ಇಷ್ಟೆಲ್ಲ ಓಡಾಟ ಎಷ್ಟು ಕಷ್ಟ ಎಂಬ ಅರಿವು ನನಗಿದೆ. ಮನೆಯವರೊಬ್ಬರು ಜತೆಗೆ ಹೋಗಲಿ, ಕಾಗದಪತ್ರ ಹಿಡಿದುಕೊಳ್ಳಲಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ, ದಿನದ ಯಾವ ಹೊತ್ತಿನಲ್ಲಾದರೂ, ಉಚಿತವಾಗಿ ಮಾತಾಡುತ್ತಾರೆ.

ಕಾರ್ಮಿಕ ಸಚಿವಾಲಯಕ್ಕೆ ನನ್ನ ಕೋರಿಕೆ ದೊಡ್ಡದೇನಲ್ಲ. ಕಿರುಕುಳದಿಂದ ಕಾಯಿಲೆ ಬಿದ್ದು ಕೆಲಸ ಬಿಟ್ಟೆ ಎನ್ನುವವರ ಬಳಿ ವೈದ್ಯರ ದಾಖಲೆ ಇದ್ದರೆ, ಅವರ ರಾಜೀನಾಮೆಯನ್ನೂ ಅಟಲ್ ಬೀಮಿತ್ ಯೋಜನೆಯಲ್ಲಿ ಕೆಲಸ ಕಳೆದುಕೊಂಡಂತೆಯೇ ಎಣಿಸಿ. ವರ್ಷಗಟ್ಟಲೆ ಇಎಸ್‌ಐ ವಂತಿಗೆ ಕಟ್ಟಿದವರು ಅವರು.