ಚಂದ್ರನ ಮರೆಯಲ್ಲಿ ಕಂಡ ಧಾರೆ

ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದಿಂದ ಉದಕಮಂಡಲಕ್ಕೆ ಹೊರಟವರು ಮೈಸೂರು, ಗುಂಡ್ಲುಪೇಟೆಗಳನ್ನು ದಾಟಿ, ಬಂಡೀಪುರದ ಕಾಡನ್ನು ಹಾದು ನೀಲಗಿರಿಯನ್ನೇರುತ್ತಾರೆ. ಸರೋವರವನ್ನೂ ಸಸ್ಯೋದ್ಯಾನವನ್ನೂ ನೋಡಿ ತೃಪ್ತರಾಗಿ ಹಿಂದಿರುಗುತ್ತಾರೆ. ಸಮೀಪದ ಮುತ್ತೋರೈ ಗುಡ್ಡದ ಇಳಿಜಾರಿನಲ್ಲಿ ಮಲಗಿರುವ 530 ಮೀಟರ್ ಉದ್ದದ ರೇಡಿಯೋ ದೂರದರ್ಶಕವನ್ನು ನೋಡಿ ಬಂದವರು ವಿರಳ.

ಇದರ ಹಿನ್ನೆಲೆಯ ಕಥೆ ಆಸ್ಟ್ರೇಲಿಯದ್ದು. 1962ರಲ್ಲಿ ಚಂದ್ರನು 3ಸಿ 273 ಎಂಬ ರೇಡಿಯೋ ಮೂಲವನ್ನು ಮರೆಮಾಡುವುದನ್ನು ಸಿರಿಲ್ ಹಜಾರ್ಡ್ ಮತ್ತು ಸಂಗಡಿಗರು ಪಾರ್ಕ್ಸ್ ದೂರದರ್ಶಕದಿಂದ ಗಮನಿಸಿದರು. ಅಂದಿನ ರೇಡಿಯೋ ದೂರದರ್ಶಕಗಳ ದೃಷ್ಟಿ ಬಲು ಮಂದ. ಇಷ್ಟು ಕಿರಿದಾದ ಮೂಲದ ಆಕಾರ ಅವಕ್ಕೆ ಕಾಣದು. ಆದರೆ ಚಂದ್ರನ ಅಂಚು ಯಾವ ಗಳಿಗೆಯಲ್ಲಿ ಎಲ್ಲಿರುವುದೆಂದು ಪಂಚಾಂಗದವರೂ ಹೇಳಬಲ್ಲರು. ಅಲೆಗಳು ನಿಂತ ಕ್ಷಣವನ್ನು ಗುರುತು ಹಾಕಿಕೊಂಡರೆ ಮೂಲದ ಸ್ಥಾನವೂ ರೂಪವೂ ಸಿಕ್ಕಂತೆಯೇ. ಹಾಗೆ ನೋಡಿದಾಗ ಮೂಲವು ಒಂದಲ್ಲ, ಎರಡೆಂದು ತಿಳಿಯಿತು: ಒಂದು, ನಕ್ಷತ್ರದಂತೆ ತೋರುವ ಚುಕ್ಕೆಯಲ್ಲಿ; ಇನ್ನೊಂದು, ಅದರಿಂದ ಚಿಮ್ಮಿದ ತೆಳುವಾದ ಧಾರೆಯ ತುದಿಯಲ್ಲಿ. 1963ರಲ್ಲಿ ಮಾರ್ಟೆನ್ ಶ್ಮಿಟ್ ಆ ಚುಕ್ಕೆಯ ಬೆಳಕನ್ನು ಬಿಡಿಸಿ ಓದಿದಾಗ, ಅದು ನಕ್ಷತ್ರವಲ್ಲ, ಶತಕೋಟಿಗೂ ಮಿಗಿಲಾದ ಜ್ಯೋತಿರ್ವರ್ಷಗಳಾಚೆಯ ಕ್ವೇಸಾರ್ ಎಂಬುದು ಬಯಲಾಯಿತು. ಅದರ ಗರ್ಭದಲ್ಲಿರುವುದು ಕಪ್ಪುಕುಳಿ. ಚನ್ನಪಟ್ಟಣದ ಬಣ್ಣದ ಬುಗುರಿಗೆ ಮೊಳೆಯಿರುವಂತೆ, ಧಾರೆಯು ಅಲ್ಲಿನ ತಿರುಗಾಟದ ಅಚ್ಚಿನ ನೇರಕ್ಕೆ ಚಿಮ್ಮುವುದೆಂದು ವಿಜ್ಞಾನಿಗಳು ಎಣಿಸುತ್ತಾರೆ.

ಅದೇ 1963ರಲ್ಲಿ ಗೋವಿಂದ ಸ್ವರೂಪ್ ಅಮೆರಿಕದಿಂದ ಮರಳಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಚಂದ್ರನೇನೋ ಬಡವನಿಗೂ ಬಲ್ಲಿದನಿಗೂ ಒಬ್ಬನೇ. ಎತ್ತ ಬೇಕಾದರತ್ತ ತಿರುಗುವ ಭಾರಿ ಬೋಗುಣಿಗೆ ಹಣವೆಲ್ಲಿಯದು? ಅದಕ್ಕೆ ಅವರು ಗುಡ್ಡವನ್ನು ಹುಡುಕಿದರು. ಉದಕಮಂಡಲದ ಅಕ್ಷಾಂಶ ಸುಮಾರು 11 ಡಿಗ್ರಿ. ಅಷ್ಟೇ ಓರೆಯಾದ, ಉತ್ತರ ದಕ್ಷಿಣವಾಗಿ ಚಾಚಿದ ಇಳಿಜಾರಿನ ಮೇಲೆ ಯಂತ್ರವನ್ನು ಮಲಗಿಸಿದರೆ ಅದರ ಅಚ್ಚು ಭೂಮಿಯ ಅಚ್ಚಿಗೆ ಸಮಾನಾಂತರವಾಗುತ್ತದೆ. ಆ ಒಂದೇ ಅಚ್ಚಿನ ಮೇಲೆ ಹೊರಳುತ್ತ ಅದು ಚಂದ್ರನನ್ನು ಗಂಟೆಗಟ್ಟಲೆ ಹಿಂಬಾಲಿಸಬಲ್ಲದು. ಅರ್ಧ ಕೆಲಸವನ್ನು ಗುಡ್ಡವೇ ಮಾಡಿಕೊಟ್ಟಿತೆನ್ನಬೇಕು. 1970ರಲ್ಲಿ ಯಂತ್ರ ಸಿದ್ಧವಾಯಿತು.

ಚಂದ್ರನು ಹಾಯದ ಕಡೆಯ ಮೂಲಗಳ ಗತಿಯೇನೆಂದು ವಾಚಕರು ಕೇಳಬಹುದು. ಅದಕ್ಕೂ ಉಪಾಯವುಂಟು. ನಕ್ಷತ್ರ ಮಿನುಗುತ್ತದೆ, ಗ್ರಹ ಮಿನುಗದು; ಕಿರಿದಾಗಿ ತೋರುವುದಕ್ಕೆ ಮಾತ್ರ ಮಿನುಗು. ಸೂರ್ಯನಿಂದ ಹೊರಬೀಸುವ ಕಣಗಳ ಗಾಳಿಯಲ್ಲಿ ಹಾದು ಬರುವ ರೇಡಿಯೋ ಅಲೆಗಳಿಗೂ ಇದೇ ನಿಯಮ. ಹರಡಿಕೊಂಡ ಧಾರೆ ಸುಮ್ಮನಿರುತ್ತದೆ. ಅದರ ಬುಡದ ಸಾಂದ್ರವಾದ ಬಿಂದು ಮಿನುಗುತ್ತದೆ. ಮುತ್ತೋರೈಯ ಯಂತ್ರವು ಆ ಮಿನುಗನ್ನೂ ವರ್ಷಾನುವರ್ಷ ಅಳೆದಿದೆ.