ಕಲಗಚ್ಚಿನ ಬಾನಿಯೂ ಮಾವಿನ ಕಾರ್ಖಾನೆಯೂ

ಹಳೇ ಮೈಸೂರು ಸೀಮೆಯ ಮನೆಗಳ ಹಿತ್ತಿಲ ಬಾಗಿಲಲ್ಲಿ ಒಂದು ಕಲಗಚ್ಚಿನ ಬಾನಿ ಇರುತ್ತಿತ್ತು. ಅಕ್ಕಿ ತೊಳೆದ ನೀರು, ಹೆರೆದ ತರಕಾರಿ ಸಿಪ್ಪೆ, ಸೊಪ್ಪಿನ ದಂಟು, ಮಿಕ್ಕಿದ ಗಂಜಿ ಎಲ್ಲವೂ ಅದರೊಳಕ್ಕೆ. ಸಂಜೆ ಎರಡು ಹಿಡಿ ಬೂಸಾ ಕಲಸಿ ಎಮ್ಮೆಯ ಮುಂದಿಟ್ಟರೆ ಅದು ಬಾನಿಯ ತಳ ನೆಕ್ಕಿಯೇ ತಲೆ ಎತ್ತುತ್ತಿತ್ತು. ನೀರೂ ಕಸವೂ ಮಾರನೆಯ ಬೆಳಗ್ಗೆ ಹಾಲಾಗಿ ಒಳಗೆ ಬರುತ್ತಿದ್ದವು.

ಮಾವಿನ ತಿರುಳು ತೆಗೆಯುವ ಕಾರ್ಖಾನೆಯೂ ಒಂದು ದೊಡ್ಡ ಅಡುಗೆಮನೆಯೇ. ಅದರ ಹಿತ್ತಿಲಲ್ಲಿ ಬಾನಿ ಇದೆಯೇ?

ಕೋಲಾರ ಜಿಲ್ಲೆ ಈ ಪ್ರಶ್ನೆಯನ್ನು ಈಗಲೇ ಕೇಳಬೇಕು. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಮಾವಿಗೆ ಗಡಿ ಮುಚ್ಚಿದಾಗ, ಅಲ್ಲಿನ ತಿರುಳಿನ ಕಾರ್ಖಾನೆಗಳಿಗೆ ಹಣ್ಣು ಕಳಿಸುತ್ತಿದ್ದ ಇಲ್ಲಿನ ಶ್ರೀನಿವಾಸಪುರದ ಬೆಳೆಗಾರರು ಕಂಗಾಲಾದರು. ತಿರುಳಿನ ಘಟಕ ನಮ್ಮಲ್ಲೇ ಬೇಕೆಂಬ ಹಳೆಯ ಬೇಡಿಕೆಗೆ ಹೊಸ ಬಲ ಬಂತು. ಬೇಡಿಕೆ ನ್ಯಾಯವಾದದ್ದು. ಆದರೆ ಈ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯೊಂದಿಲ್ಲ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧಿ ಮಾಡಿ 2018ರಿಂದ ಇಲ್ಲಿನ ಕೆರೆಗಳಿಗೆ ಹರಿಸಲಾಗುತ್ತಿದೆ. ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರ್. ರಾಜಧಾನಿ ಬಳಸಿ ಬಿಟ್ಟ ನೀರಿನಿಂದ ಅಂತರ್ಜಲ ತುಂಬಿಸಿಕೊಳ್ಳುವ ಊರಿನಲ್ಲಿ, ಕೊಳವೆಬಾವಿಯ ತಿಳಿನೀರನ್ನು ಒಮ್ಮೆ ಹಣ್ಣಿನ ಮೇಲೆ ಸುರಿದು ಮೋರಿಗೆ ಬಿಡುವ ಕಾರ್ಖಾನೆ ಬರಕೂಡದು.

ನೀರು ಉಳಿಸುವ ಉಪಾಯ ತೊಳೆಯುವ ತೊಟ್ಟಿಯಲ್ಲೇ ಇದೆ. ಮೂರು ತೊಟ್ಟಿಗಳನ್ನು ಸಾಲಾಗಿಟ್ಟು ಹಣ್ಣು ಮುಂದಕ್ಕೆ, ನೀರು ಹಿಂದಕ್ಕೆ ಹೋಗುವಂತೆ ಮಾಡಬೇಕು. ಕುಡಿಯುವ ಗುಣಮಟ್ಟದ ಹೊಸ ನೀರು ಕೊನೆಯ ತೊಟ್ಟಿಗೆ ಮಾತ್ರ. ಅಲ್ಲಿ ಹೆಚ್ಚುಕಡಿಮೆ ಶುಭ್ರವಾದ ಹಣ್ಣನ್ನು ಜಾಲಿಸಿದ ನೀರು ಅದರ ಹಿಂದಿನ ತೊಟ್ಟಿಗೆ, ಕಡೆಗೆ ಮಣ್ಣು, ಸೊನೆ ಅಂಟಿಸಿಕೊಂಡು ಬಂದ ಹಣ್ಣಿರುವ ಮೊದಲ ತೊಟ್ಟಿಗೆ. ಒಂದೇ ನೀರು ಮೂರು ಸಲ ದುಡಿಯುತ್ತದೆ. ಕೋಲಾರದ ಇನ್ನೊಂದು ಬೆಳೆಯಾದ ಟೊಮೆಟೊದಿಂದ ಪೇಸ್ಟ್ ಮಾಡುವಲ್ಲಿ ಇನ್ನೊಂದು ನಿಧಿಯಿದೆ. ನೂರು ಕಿಲೊ ಟೊಮೆಟೊ ರಸವನ್ನು ಗಟ್ಟಿ ಪೇಸ್ಟಿಗೆ ಇಳಿಸಿದರೆ ಸುಮಾರು 80 ಲೀಟರ್ ನೀರು ಹಬೆಯಾಗಿ ಮೇಲೇಳುತ್ತದೆ. ಆ ಹಬೆಯನ್ನು ತಣಿಸಿ ಹಿಡಿದರೆ ನೆಲ, ಯಂತ್ರ ತೊಳೆಯಲು ಬಿಸಿನೀರು ಸಿದ್ಧ. ರೈತ ಹೊಲಕ್ಕೆ ಹಾಯಿಸಿದ ನೀರೇ ಅದು, ಹಣ್ಣಿನೊಳಗೆ ಕೂತು ಕಾರ್ಖಾನೆಗೆ ಬಂದಿರುತ್ತದೆ.

ಸಿಪ್ಪೆ, ಗೊರಟಿನ ಕಥೆ ಬೇರೆ. ಮಾವಿನ ತೂಕದಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಇವೇ. ಸಿಪ್ಪೆಯಲ್ಲಿ ಜಾಮ್ ಗಟ್ಟಿಯಾಗಲು ಬೇಕಾದ ಪೆಕ್ಟಿನ್ ಇದೆ. ಗೊರಟಿನೊಳಗಿನ ಬೀಜದಲ್ಲಿ ಬೆಣ್ಣೆಯಂಥ ಕೊಬ್ಬಿದೆ. ಚಾಕೊಲೆಟಿನಲ್ಲಿ ಕೋಕೊ ಬೆಣ್ಣೆಯ ಜೊತೆಗೆ ಶೇ 5ರವರೆಗೆ ಬಳಸಬಹುದೆಂದು ಯುರೋಪ್ ಒಕ್ಕೂಟ 2000ದಲ್ಲಿ ಒಪ್ಪಿದ ಆರು ಸಸ್ಯಜನ್ಯ ಕೊಬ್ಬುಗಳಲ್ಲಿ ಇದೂ ಒಂದು. ಅದೇ ಪಟ್ಟಿಯಲ್ಲಿ ಮುರುಗಲೂ ಇದೆ. ಉತ್ತರ ಕನ್ನಡದ ಅಜ್ಜಿಯರು ಅದರ ಬೀಜ ಕುದಿಸಿ ತುಪ್ಪ ತೆಗೆದು ಒಡೆದ ಹಿಮ್ಮಡಿಗೆ ಹಚ್ಚುತ್ತಿದ್ದರು, ಅಡುಗೆಗೂ ಬಳಸುತ್ತಿದ್ದರು. ಬಿಸಾಡುವ ಬೀಜದ ಬೆಲೆ ನಮ್ಮವರಿಗೆ ಹೊಸದಲ್ಲ. ತಂತ್ರಜ್ಞಾನ ಕೇಳಲೂ ದೂರ ಹೋಗಬೇಕಿಲ್ಲ. 1950ರಿಂದ ಆಹಾರ ಸಂಸ್ಕರಣೆಯಲ್ಲೇ ತೊಡಗಿರುವ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಮೈಸೂರಿನಲ್ಲಿದೆ.

ಇದನ್ನೆಲ್ಲ ರಾಶಿ ಹಾಕಿ ಕೊಳೆಸಿದರೆ ಆಗುವುದೇ ಬೇರೆ. ಸಕ್ಕರೆ ತುಂಬಿದ ರಸ ಕೆರೆಗಿಳಿದರೆ ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತ ನೀರಿನ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಮೀನು ತೇಲುತ್ತದೆ, ಊರು ಮೂಗು ಮುಚ್ಚಿಕೊಳ್ಳುತ್ತದೆ. ಹಣ್ಣು ತಿಂದವನು ನುಣುಚಿಕೊಂಡ, ಸಿಪ್ಪೆ ತಿಂದವನು ಸಿಕ್ಕಿಕೊಂಡ ಎಂಬ ಗಾದೆ ಇಂಥ ಊರಿಗೆ ಚೆನ್ನಾಗಿ ಒಪ್ಪುತ್ತದೆ. ಕೆರೆ, ಹೊಳೆಗೆ ಬಿಡುವ ನೀರಿನ ಬಿಒಡಿ, ಅಂದರೆ ಕೊಳೆ ತಿನ್ನಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ, ಲೀಟರಿಗೆ 30 ಮಿಲಿಗ್ರಾಂ ಮೀರಬಾರದೆಂದು ನಿಯಮವೇನೋ ಇದೆ.

ನಿಯಮ ಪಾಲಿಸಲು ಹೊರಟವರಿಗೂ ಒಂದು ನಿಜವಾದ ತೊಡಕುಂಟು. ಮಾವಿನ ಕೆಲಸ ವರ್ಷಕ್ಕೆ ಎರಡು ಮೂರು ತಿಂಗಳು. ಕೊಳಚೆ ತಿಂದು ಶುದ್ಧಿ ಮಾಡುವ ಸೂಕ್ಷ್ಮಜೀವಿಗಳಿಗೆ ಉಳಿದ ತಿಂಗಳು ಉಪವಾಸ. ಮತ್ತೆ ಹಂಗಾಮು ಶುರುವಾದಾಗ ಅವು ಚೇತರಿಸಿಕೊಳ್ಳಲು ವಾರಗಟ್ಟಲೆ ಬೇಕು, ಅಷ್ಟರಲ್ಲಿ ಹಣ್ಣು ಬಾಗಿಲಿಗೆ ಬಂದು ನಿಂತಿರುತ್ತದೆ.

ಆದರೆ ಕೋಲಾರಕ್ಕೆ ಈ ಚಿಂತೆ ಯಾಕೆ ಬೇಕು? ದೊಡ್ಡ ಟೊಮೆಟೊ ಮಾರುಕಟ್ಟೆ ಅಲ್ಲೇ ಇದೆ. ಕೊಳೆತದ್ದು, ಬೆಲೆ ಬಿದ್ದಾಗ ರಸ್ತೆ ಬದಿಗೆ ಸುರಿದದ್ದು ಎಲ್ಲ ಇಂಥದೇ ಸೂಕ್ಷ್ಮಜೀವಿಗಳು ಕಸ ತಿಂದು ಅನಿಲ ಕೊಡುವ ಸ್ಥಾವರಕ್ಕೆ ಮೇವು. ಹೈದರಾಬಾದಿನ ಬೋಯಿನ್‌ಪಲ್ಲಿ ತರಕಾರಿ ಮಾರುಕಟ್ಟೆ ದಿನಕ್ಕೆ 10 ಟನ್ ಕಸದಿಂದ ಸುಮಾರು 500 ಯೂನಿಟ್ ವಿದ್ಯುತ್ತನ್ನೂ 30 ಕಿಲೊ ಅನಿಲವನ್ನೂ ತೆಗೆದು ತೋರಿಸಿದೆ. ಮಾವಿನ ಸಿಪ್ಪೆಗೂ ಟೊಮೆಟೊ ಕಸಕ್ಕೂ ಒಂದೇ ಸ್ಥಾವರ ಕಟ್ಟಿದರೆ ಅದು ವರ್ಷದ ಬಹುಪಾಲು ಹಸಿದು ಕೂರುವುದಿಲ್ಲ.

ಶ್ರೀನಿವಾಸಪುರಕ್ಕೆ ಘಟಕ ಬರಲಿ, ಬೇಗ ಬರಲಿ. ಸಬ್ಸಿಡಿ ಮಂಜೂರು ಮಾಡುವ ಅಧಿಕಾರಿಗಳು ತೊಳೆಯುವ ತೊಟ್ಟಿಗಳ ನಕ್ಷೆಯನ್ನೂ ಗೊರಟು ಎಲ್ಲಿಗೆ ಹೋಗುತ್ತದೆಂಬ ಲೆಕ್ಕವನ್ನೂ ಮೊದಲೇ ಕೇಳಿ ಪಡೆಯಲಿ. ಬೆಳೆಗಾರರ ಸಂಘಗಳೂ ಹಣ್ಣಿನ ದರಕ್ಕೆ ಪಟ್ಟು ಹಿಡಿದಷ್ಟೇ ಗಟ್ಟಿಯಾಗಿ ಇದಕ್ಕೂ ಪಟ್ಟು ಹಿಡಿಯಬೇಕು. ಆ ಕೊಳವೆಬಾವಿಯ ನೀರು ಅವರದೇ.