ತೂಗದೆ ಕೊಡುವ ಮದ್ದು

ರಕ್ತದೊತ್ತಡದ ರೋಗಿ ಆಸ್ಪತ್ರೆಗೆ ಹೋದರೆ ತೋಳಿಗೆ ಪಟ್ಟಿ ಕಟ್ಟಿ ಒತ್ತಡ ನೋಡುತ್ತಾರೆ. ಸಕ್ಕರೆ ಕಾಯಿಲೆಯವನ ಬೆರಳು ಚುಚ್ಚಿ ರಕ್ತ ನೋಡುತ್ತಾರೆ. ಕ್ಷಯದವನ ಕಫ ಪರೀಕ್ಷೆಗೆ ಹೋಗುತ್ತದೆ. ಬಂದ ಅಳತೆಯ ಪ್ರಕಾರ ಮದ್ದು ಹೆಚ್ಚುತ್ತದೆ, ಇಳಿಯುತ್ತದೆ, ಬದಲಾಗುತ್ತದೆ. ಖಿನ್ನತೆಯ ರೋಗಿ ಅದೇ ಆಸ್ಪತ್ರೆಯ ಮೆಟ್ಟಿಲು ಹತ್ತಿದಾಗ ಮಾತ್ರ ಈ ಶಿಸ್ತು ಎಲ್ಲಿಯೋ ಮಾಯವಾಗುತ್ತದೆ. "ಹೇಗಿದ್ದೀಯಪ್ಪ?" "ಪರವಾಗಿಲ್ಲ ಸಾರ್." ಹಿಂದಿನ ಚೀಟಿಯಲ್ಲಿದ್ದದ್ದನ್ನೇ ಮತ್ತೊಮ್ಮೆ ಬರೆದು ಮುಂದಿನವನನ್ನು ಕರೆಯುತ್ತಾರೆ. ಒಂದು ನಿಮಿಷದ ಈ ವ್ಯವಹಾರಕ್ಕೆ ಚಿಕಿತ್ಸೆ ಎಂದು ಹೆಸರು. ಇದಕ್ಕಾಗಿ ಆ ಮನುಷ್ಯ ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಕೊಟ್ಟು, ಬೆಳಗಿನಿಂದ ಸಾಲಿನಲ್ಲಿ ನಿಂತಿದ್ದ.

ಇದು ಅನ್ಯಾಯವೆಂದು ನಾವು ಹೇಳುತ್ತೇವೆ. ಖಿನ್ನತೆಯನ್ನೂ ಪ್ರತಿ ಭೇಟಿಯಲ್ಲಿ ಅಳೆಯಬೇಕು. ಅಳತೆ ಇಳಿಯದಿದ್ದರೆ ಚಿಕಿತ್ಸೆಯನ್ನು ಬದಲಾಯಿಸಬೇಕು. ನಮ್ಮ ಬೇಡಿಕೆ ಇಷ್ಟೆ.

"ಪರವಾಗಿಲ್ಲ" ಎಂಬ ಮಾತಿನ ಒಳಗೆ ಏನಿದೆ ಎಂದು ಯಾರಾದರೂ ಬಿಚ್ಚಿ ನೋಡಿದ್ದಾರೆಯೆ? ದೊಡ್ಡವರ ಮುಂದೆ ಕಷ್ಟ ಹೇಳಿಕೊಳ್ಳಬಾರದೆಂಬ ಸಂಕೋಚ ಇದೆ. ಹಿಂದೆ ನಿಂತ ಸಾಲಿನ ಗದ್ದಲವಿದೆ. ಹುಚ್ಚನೆಂದು ಬರೆದುಬಿಟ್ಟಾರೆಂಬ ಭಯವಿದೆ. ರಾತ್ರಿ ಪಾಳಿ ಮುಗಿಸಿ ಬಂದ ಕಾರ್ಮಿಕನಿಗೆ ಹಗಲು ನಿದ್ದೆ ಇಲ್ಲ. ಯಂತ್ರದ ಮುಂದೆ ನಿಂತರೆ ಹರಿದ ಎಳೆ ಕಟ್ಟುವ ಕೈ ತಡೆಯುತ್ತದೆ. ಮೇಸ್ತ್ರಿ ಸೋಮಾರಿಯೆಂದು ಬಯ್ಯುತ್ತಾನೆ. ಸಣ್ಣ ಅಂಗಡಿಯವನು ಬಾಗಿಲು ತೆರೆದು ಗಲ್ಲಾದ ಮುಂದೆ ಸುಮ್ಮನೆ ಕೂತಿರುತ್ತಾನೆ. ಉದ್ರಿ ವಸೂಲಿಗೆ ಏಳುವ ಮನಸ್ಸಿಲ್ಲ, ಬಂದ ಗಿರಾಕಿಯನ್ನು ಮಾತಾಡಿಸುವ ಮನಸ್ಸಿಲ್ಲ. ಇಬ್ಬರೂ ವೈದ್ಯರ ಹತ್ತಿರ ಹೇಳುವುದು ತಲೆನೋವು, ಮೈಕೈ ನೋವು, ನಿಶ್ಶಕ್ತಿ. ಇಬ್ಬರಿಗೂ ನೋವಿನ ಮಾತ್ರೆ, ಟಾನಿಕ್ಕು ಸಿಗುತ್ತದೆ. ಅದೃಷ್ಟವಿದ್ದವನಿಗೆ ಖಿನ್ನತೆಯ ಮಾತ್ರೆ ಸಿಗುತ್ತದೆ. ಆ ಮಾತ್ರೆ ನಾಟಿತೋ ಇಲ್ಲವೋ ಎಂದು ನೋಡುವವರಿಲ್ಲ.

ಮನಸ್ಸನ್ನು ಅಳೆಯುವುದುಂಟೆ ಎಂದು ನಗುವವರಿದ್ದಾರೆ. ಮನಸ್ಸನ್ನು ಅಳೆಯಿರೆಂದು ನಾವು ಕೇಳುತ್ತಿಲ್ಲ; ರೋಗದ ಲಕ್ಷಣಗಳನ್ನು ಅಳೆಯಿರೆಂದು ಕೇಳುತ್ತಿದ್ದೇವೆ. ಮ್ಯಾಕ್ಸ್ ಹ್ಯಾಮಿಲ್ಟನ್ ಎಂಬ ವೈದ್ಯರು ೧೯೬೦ರಲ್ಲಿಯೇ ಇದಕ್ಕೊಂದು ಅಳತೆಗೋಲನ್ನು ಪ್ರಕಟಿಸಿದರು. ೨೦೦೧ರಲ್ಲಿ ಕ್ರೋಂಕೆ, ಸ್ಪಿಟ್ಜರ್, ವಿಲಿಯಮ್ಸ್ ಎಂಬ ಮೂವರು ಪ್ರಕಟಿಸಿದ 'ಪಿಎಚ್‌ಕ್ಯು-೯' ಇನ್ನೂ ಸರಳ. ಒಂದು ಹಾಳೆ, ಒಂಬತ್ತು ಪ್ರಶ್ನೆ. ಕಳೆದ ಎರಡು ವಾರದಲ್ಲಿ ಕೆಲಸದಲ್ಲಿ ಆಸಕ್ತಿ ಹೋಗಿತ್ತೆ, ಮನಸ್ಸು ಕುಗ್ಗಿತ್ತೆ, ನಿದ್ದೆ ಹೇಗಿತ್ತು, ಸುಸ್ತಿತ್ತೆ, ಹಸಿವು ಹೇಗಿತ್ತು, ತಾನು ಕೆಲಸಕ್ಕೆ ಬಾರದವನೆನಿಸಿತೆ, ಒಂದು ವಿಷಯದ ಮೇಲೆ ಗಮನ ನಿಂತಿತೆ, ಮೈ ಜಡವಾಗಿತ್ತೆ ಅಥವಾ ಕೂತಲ್ಲಿ ಕೂರಲಾಗದ ಚಡಪಡಿಕೆ ಇತ್ತೆ, ಸಾಯುವ ಯೋಚನೆ ಬಂತೆ. ಇಲ್ಲವೆಂದರೆ ೦, ಹೆಚ್ಚುಕಡಿಮೆ ಪ್ರತಿದಿನವೂ ಎಂದರೆ ೩. ಎಲ್ಲ ಕೂಡಿದರೆ ಗರಿಷ್ಠ ೨೭. ೫ಕ್ಕಿಂತ ಕಡಿಮೆಯಾದರೆ ಲಕ್ಷಣಗಳು ಇಳಿದಿವೆಯೆಂದು ಲೆಕ್ಕ. ೧೦ಕ್ಕೆ ಮಧ್ಯಮ, ೧೫ ದಾಟಿದರೆ ಜೋರು, ೨೦ ದಾಟಿದರೆ ಬಹಳ ಜೋರು. ಕಿರ್ದಿ ಬರೆಯುವ ಯಾವ ಅಂಗಡಿಕಾರನಿಗೂ ಇದು ಕಷ್ಟದ ಲೆಕ್ಕವಲ್ಲ.

ಈ ಹಾಳೆ ಫೈಜರ್ ಎಂಬ ಔಷಧ ಕಂಪನಿಯ ಹಣದಿಂದ ತಯಾರಾಯಿತೆಂಬುದನ್ನು ನಾವು ಮುಚ್ಚಿಡುವುದಿಲ್ಲ. ಮಾತ್ರೆ ಮಾರುವವನಿಗೆ ರೋಗಿಗಳನ್ನು ಎಣಿಸುವ ಆಸೆ ಇದ್ದೇ ಇರುತ್ತದೆ. ಆದರೆ ಸಾಹುಕಾರನ ದುಡ್ಡಿನಲ್ಲಿ ತಯಾರಾದ ತಕ್ಕಡಿಯೂ ಸರಿಯಾಗಿ ತೂಗಿದರೆ ಅದು ನಮಗೆ ಬೇಕು. ಅದನ್ನು ಅಚ್ಚು ಹಾಕಿಸಿ ಬಳಸಲು ಯಾರ ಅಪ್ಪಣೆಯೂ ಬೇಕಿಲ್ಲ, ಯಾರಿಗೂ ಕಾಸು ಕೊಡಬೇಕಿಲ್ಲ. ಖರ್ಚು ಒಂದು ಹಾಳೆಯದು, ವೇಳೆ ಐದು ನಿಮಿಷದ್ದು.

ಅಳೆದರೆ ಏನು ಲಾಭ? ಖಿನ್ನತೆಯ ಮದ್ದು ನೋವಿನ ಮಾತ್ರೆಯಂತೆ ನುಂಗಿದ ಗಂಟೆಗೆ ಕೆಲಸ ಮಾಡುವುದಿಲ್ಲ. ಕೆಲವು ವಾರ ಬೇಕು. ಹೀಗಾಗಿ ಮೊದಲ ವಾರದಲ್ಲೇ ಗುಣ ಕಾಣಲಿಲ್ಲವೆಂದು ಬಿಡುವವರು ಒಂದು ಕಡೆ. ಗುಣವೇ ಇಲ್ಲದೆ ವರ್ಷಗಟ್ಟಲೆ ಅದೇ ಮಾತ್ರೆ ನುಂಗುವವರು ಇನ್ನೊಂದು ಕಡೆ. ಮೊದಲ ದಿನ ೧೮ ಇದ್ದದ್ದು ಆರು ವಾರದ ಮೇಲೆ ೯ಕ್ಕೆ ಇಳಿದಿದ್ದರೆ ಮದ್ದು ಹಿಡಿದಿದೆ, ಮುಂದುವರಿಯಲಿ. ೧೭ರಲ್ಲಿಯೇ ನಿಂತಿದ್ದರೆ? ಮಾತ್ರೆ ದಿನವೂ ತೆಗೆದುಕೊಳ್ಳುತ್ತಿದ್ದಾನೆಯೆ ಎಂದು ಕೇಳಬೇಕು, ಪ್ರಮಾಣ ಹೆಚ್ಚಿಸಬೇಕು, ಬೇರೆ ಮದ್ದು ಕೊಡಬೇಕು, ಆಪ್ತ ಸಲಹೆ ಸೇರಿಸಬೇಕು, ಥೈರಾಯ್ಡೋ ರಕ್ತಹೀನತೆಯೋ ಕುಡಿತವೋ ಒಳಗೆ ಇದೆಯೆ ಎಂದು ನೋಡಬೇಕು. ಅಂಕ ಬರೆದಿಡದ ವೈದ್ಯರಿಗೆ ಈ ಪ್ರಶ್ನೆಯೇ ಏಳುವುದಿಲ್ಲ.

ಅಮೆರಿಕದಲ್ಲಿ ಸುಮಾರು ನಾಲ್ಕು ಸಾವಿರ ರೋಗಿಗಳ ಮೇಲೆ ನಡೆದು ೨೦೦೬ರಲ್ಲಿ ಫಲಿತಾಂಶ ಹೊರಬಂದ 'ಸ್ಟಾರ್-ಡಿ' ಅಧ್ಯಯನದಲ್ಲಿ ಮೊದಲ ಮದ್ದಿನಿಂದ ಲಕ್ಷಣ ಪೂರ್ತಿ ಇಳಿದದ್ದು ಮೂವರಲ್ಲಿ ಒಬ್ಬರಿಗೆ ಮಾತ್ರ. ಅಂದರೆ ಮೂವರಲ್ಲಿ ಇಬ್ಬರಿಗೆ ಎರಡನೆಯ ಹೆಜ್ಜೆ ಬೇಕೇಬೇಕು. ನಮ್ಮ ಆಸ್ಪತ್ರೆಗಳಲ್ಲಿ ಆ ಇಬ್ಬರು ಯಾರೆಂದು ಗುರುತಿಸುವ ಬಗೆ ಏನು?

ಚೀನಾ ದೇಶದ ವೈದ್ಯರು ೨೦೧೫ರಲ್ಲಿ ಪ್ರಕಟಿಸಿದ ಪರೀಕ್ಷೆ ಇನ್ನೂ ಸ್ಪಷ್ಟವಾಗಿದೆ. ೧೨೦ ರೋಗಿಗಳು, ೨೪ ವಾರ. ಎರಡೂ ಗುಂಪಿಗೆ ಅವೇ ಎರಡು ಮದ್ದುಗಳಲ್ಲಿ ಒಂದು. ಒಂದು ಗುಂಪಿನಲ್ಲಿ ಅಂಕ ನೋಡಿ, ಗೊತ್ತುಮಾಡಿದ ಕ್ರಮದ ಪ್ರಕಾರ ಪ್ರಮಾಣ ಬದಲಾಯಿಸಿದರು. ಇನ್ನೊಂದರಲ್ಲಿ ವೈದ್ಯರು ತಮಗೆ ತೋಚಿದಂತೆ ನಡೆದರು. ಅಳೆದ ಗುಂಪಿನ ೬೧ ಜನರಲ್ಲಿ ೪೫ ಜನರ ಲಕ್ಷಣಗಳು ಪೂರ್ತಿ ಇಳಿದವು. ಅಳೆಯದ ಗುಂಪಿನ ೫೯ ಜನರಲ್ಲಿ ೧೭ ಮಾತ್ರ. ಇಳಿಯಲು ತಗಲಿದ ಕಾಲವೂ ಒಂದರಲ್ಲಿ ಹತ್ತು ವಾರದಷ್ಟು, ಇನ್ನೊಂದರಲ್ಲಿ ಹತ್ತೊಂಬತ್ತು ವಾರದಷ್ಟು. ಈ ಒಂಬತ್ತು ವಾರವೆಂದರೆ ದಿನಗೂಲಿಯವನ ಮನೆಯಲ್ಲಿ ಏನೆಂದು ನಮ್ಮ ಓದುಗರಿಗೆ ನಾವು ವಿವರಿಸಬೇಕಾಗಿಲ್ಲ.

ವಿರೋಧಿಗಳ ಕೈಯಲ್ಲೂ ಒಂದು ಕಾಗದವಿದೆ, ಅದನ್ನೂ ಓದೋಣ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಚಿಕಿತ್ಸಾಲಯಗಳಲ್ಲಿ ನಡೆದು ೨೦೨೪ರಲ್ಲಿ ಪ್ರಕಟವಾದ 'ಪ್ರಾಮ್‌ಡೆಪ್' ಪರೀಕ್ಷೆಯಲ್ಲಿ ಇದೇ ಒಂಬತ್ತು ಪ್ರಶ್ನೆಯ ಹಾಳೆ ತುಂಬಿಸಿದರೂ ಹನ್ನೆರಡು ವಾರದ ಕೊನೆಗೆ ಖಿನ್ನತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಇದನ್ನು ತೋರಿಸಿ, ನೋಡಿ, ಹಾಳೆ ದಂಡ ಎನ್ನುತ್ತಾರೆ. ನಮಗೆ ಇದರಿಂದ ತಿಳಿಯುವುದೇ ಬೇರೆ. ಅಲ್ಲಿ ಅಳೆದದ್ದು ಮೊದಲೊಮ್ಮೆ, ಕೆಲವು ವಾರದೊಳಗೆ ಮತ್ತೊಮ್ಮೆ. ಅಂಕ ಇಷ್ಟಿದ್ದರೆ ಇಂಥದ್ದನ್ನೇ ಮಾಡಬೇಕೆಂಬ ಕಟ್ಟುನಿಟ್ಟಿನ ಕ್ರಮ ಚೀನಾದ ಪರೀಕ್ಷೆಯಲ್ಲಿದ್ದಂತೆ ಅಲ್ಲಿರಲಿಲ್ಲ. ಜ್ವರ ನೋಡಿ ಬರೆದಿಟ್ಟು ಹಾಗೆಯೇ ಮಲಗಿಸಿದರೆ ಜ್ವರ ಇಳಿಯುತ್ತದೆಯೆ? ಆದ್ದರಿಂದ ಹಾಳೆ ತುಂಬಿಸಿ ಕಡತಕ್ಕೆ ಪೋಣಿಸುವ ಸರ್ಕಾರಿ ಉತ್ಸಾಹವನ್ನು ನಾವು ಕೇಳುತ್ತಿಲ್ಲ. ಅಂಥ ಸುತ್ತೋಲೆ ಹೊರಟರೆ ಅದನ್ನೂ ವಿರೋಧಿಸುತ್ತೇವೆ.

ವೈದ್ಯರಿಗೆ ಬಿಡುವಿಲ್ಲ, ಜನಕ್ಕೆ ಓದು ಬಾರದು ಎಂಬ ಹಳೆಯ ರಾಗವೂ ಇದೆ. ಓದಿ ಹೇಳಲು ವೈದ್ಯರೇ ಏಕೆ ಬೇಕು? ಪಕ್ಕದ ಗೋವೆಯಲ್ಲಿ ತರಬೇತಾದ ಸಾಮಾನ್ಯ ಕಾರ್ಯಕರ್ತರೇ ರೋಗಿಗಳೊಡನೆ ಕೂತು ಮಾತಾಡಿ ಆರೈಕೆಯನ್ನು ಹಂತಹಂತವಾಗಿ ನಡೆಸಿದ 'ಮಾನಸ್' ಪ್ರಯೋಗ ೨೦೧೦ರಲ್ಲಿ ಪ್ರಕಟವಾಯಿತು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಗುಣವಾದವರ ಪ್ರಮಾಣ ಶೇಕಡ ೪೨ರಿಂದ ೬೬ರ ಹತ್ತಿರಕ್ಕೆ ಏರಿತು. ಖಾಸಗಿ ವೈದ್ಯರ ಚಿಕಿತ್ಸಾಲಯಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಸರ್ಕಾರಿ ಆಸ್ಪತ್ರೆಯಿಂದ ಏನೂ ಆಗದೆಂದು ಮೂಗು ಮುರಿಯುವವರು ಇದನ್ನು ಎರಡು ಸಲ ಓದಲಿ.

ನಮ್ಮ ರಾಜ್ಯವೇನೂ ಹಿಂದೆ ಬಿದ್ದದ್ದಲ್ಲ. ಬೆಂಗಳೂರಿನ ನಿಮ್ಹಾನ್ಸ್ ೧೯೮೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದೇ ೧೯೯೬ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆದರೂ ನಿಮ್ಹಾನ್ಸ್ ೨೦೧೫-೧೬ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಖಿನ್ನತೆಯ ರೋಗಿಗಳಲ್ಲಿ ನೂರಕ್ಕೆ ಸುಮಾರು ೮೫ ಮಂದಿಗೆ ಚಿಕಿತ್ಸೆಯೇ ಇರಲಿಲ್ಲ. ಉಳಿದ ಹದಿನೈದು ಮಂದಿ ಸಂಕೋಚ, ನಾಚಿಕೆ, ದೂರ, ಖರ್ಚು ಎಲ್ಲವನ್ನೂ ದಾಟಿ ಬಂದವರು. ಅವರನ್ನೂ "ಪರವಾಗಿಲ್ಲ"ದ ಮೇಲೆ ವಾಪಸು ಕಳಿಸುವುದಾದರೆ ಎಷ್ಟು ಜನ ಬಂದರು, ಎಷ್ಟು ಮಾತ್ರೆ ಹಂಚಿದೆವು ಎಂಬ ವರದಿ ಯಾರಿಗೆ ಬೇಕು? ಎಷ್ಟು ಜನರ ಅಂಕ ಅರ್ಧಕ್ಕೆ ಇಳಿಯಿತು, ಎಷ್ಟು ಜನರದು ೫ಕ್ಕಿಂತ ಕೆಳಗೆ ಬಂತು, ಅದನ್ನು ಪ್ರಕಟಿಸಿರಿ.

ನಮ್ಮ ಗೆಳೆಯರಲ್ಲೇ ಕೆಲವರು ಇನ್ನೊಂದು ತಕರಾರು ಎತ್ತುತ್ತಾರೆ. ಕೂಲಿ ಸಾಲದೆ, ಸಾಲ ತೀರದೆ ಕುಗ್ಗಿದವನಿಗೆ ಮಾತ್ರೆ ಏಕೆ, ಕೂಲಿ ಹೆಚ್ಚಿಸಿ ಎನ್ನುತ್ತಾರೆ. ಕೂಲಿಗಾಗಿ ನಾವು ಹೋರಾಡುತ್ತಲೇ ಇದ್ದೇವೆ. ಆದರೆ ಗಿರಣಿಯ ಹತ್ತಿ ಧೂಳಿನಿಂದ ಕೆಮ್ಮು ಬಂದವನಿಗೆ ಧೂಳು ನಿಲ್ಲುವ ತನಕ ಮದ್ದು ಬೇಡವೆಂದು ಯಾರಾದರೂ ಹೇಳುತ್ತೇವೆಯೆ? ಹಾಸಿಗೆಯಿಂದ ಏಳಲಾರದವನು ಮೆರವಣಿಗೆಗೂ ಬರಲಾರ. ಅಂಕದ ಹಾಳೆ ಅವನ ಸಾಲವನ್ನು ತೀರಿಸುವುದಿಲ್ಲ, ನಿಜ. ಅಂಕ ಇಳಿಯದಿದ್ದಾಗ ಏಕೆ ಇಳಿದಿಲ್ಲವೆಂದು ಕೇಳುವ ವೈದ್ಯರಿಗೆ ಆ ಸಾಲದ ಸುದ್ದಿಯೂ ಗೊತ್ತಾಗುತ್ತದೆ.

ಒಂದು ಅಪಾಯವನ್ನು ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು. ಈ ಹಾಳೆ ಮಾಲೀಕನ ಮೇಜಿಗೆ ಹೋಗಕೂಡದು. ನೌಕರರ ಕ್ಷೇಮದ ಹೆಸರಿನಲ್ಲಿ ಪ್ರಶ್ನೆ ಕೇಳಿಸಿ, ೧೫ ದಾಟಿದವನನ್ನು ಮುಂದಿನ ತಿಂಗಳು ಮನೆಗೆ ಕಳಿಸುವ ಬುದ್ಧಿ ಧಣಿಗಳಿಗೆ ಹೊಸದಲ್ಲ. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ರೋಗಿಯ ಗುಟ್ಟನ್ನು ಕಾಪಾಡುವ ಹಕ್ಕನ್ನು ಸ್ಪಷ್ಟವಾಗಿ ಕೊಟ್ಟಿದೆ. ಗಿರಣಿಯ ಕಚೇರಿಯಲ್ಲಿ ಇಂಥ ಹಾಳೆ ಮುಂದೆ ಹಿಡಿದರೆ ತುಂಬಬೇಡಿರಿ. ಆಸ್ಪತ್ರೆಯಲ್ಲಿ ಮುಂದೆ ಹಿಡಿದರೆ ಮುಚ್ಚಿಡದೆ ತುಂಬಿರಿ.

ಒಂಬತ್ತನೆಯ ಪ್ರಶ್ನೆಯ ಮಾತು ಬೇರೆ. ಸಾಯುವ ಯೋಚನೆ ಇದೆಯೆಂದು ಒಬ್ಬ ಗುರುತು ಹಾಕಿದರೆ ಒಟ್ಟು ಅಂಕ ಕೂಡಿಸುತ್ತ ಕೂರುವಂತಿಲ್ಲ. ಆ ಹಾಳೆಯನ್ನು ಕೈಯಲ್ಲಿ ಹಿಡಿದವರು ಅವನನ್ನು ಕೂರಿಸಿ ಮಾತಾಡಿಸಬೇಕು, ಅಂದೇ ವೈದ್ಯರಿಗೆ ತೋರಿಸಬೇಕು, ಮನೆಯವರಿಗೆ ಒಪ್ಪಿಸಬೇಕು. ಮನೆಯಲ್ಲಿಯೇ ಅಂಥ ಯೋಚನೆ ಬಂದವರು ೧೪೪೧೬ಕ್ಕೆ ಫೋನು ಮಾಡಬಹುದು. ಇದು ೨೦೨೨ರ ಅಕ್ಟೋಬರಿನಲ್ಲಿ ಸರ್ಕಾರ ಆರಂಭಿಸಿದ ಟೆಲಿ-ಮಾನಸ್. ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ.

ಮುಂದಿನ ಸಲ ಚೀಟಿ ಹಿಡಿದು ಹೋಗುವವರು, ಅವರ ಜೊತೆ ಹೋಗುವ ಹೆಂಡತಿ, ಅಣ್ಣ, ಗೆಳೆಯ ಯಾರೇ ಆಗಲಿ, ವೈದ್ಯರನ್ನು ಮರ್ಯಾದೆಯಿಂದಲೇ ಮೂರು ಮಾತು ಕೇಳಲಿ. ಇವತ್ತಿನ ಅಂಕ ಎಷ್ಟು? ಹೋದ ಸಲ ಎಷ್ಟಿತ್ತು? ಇಳಿಯದಿದ್ದರೆ ಏನು ಬದಲಾಯಿಸುತ್ತೀರಿ? ಅಂಕವೇ ಇಲ್ಲವೆಂಬ ಉತ್ತರ ಬಂದರೆ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಒಂದು ಅರ್ಜಿ ಬರೆದು ಕೊಡಿರಿ; ಅದರಲ್ಲಿ ರೋಗಿಯ ಹೆಸರು ಬೇಡ, ತಾರೀಖು ಸಾಕು. ಒಂದು ಪ್ರತಿ ಯೂನಿಯನ್ ಕಚೇರಿಯಲ್ಲಿರಲಿ.